ಎಸ್‌ಎಡಿ1024 ಸಿಗದಿದ್ದರೆ ಫ್ಲ್ಯಾಂಜರ್‌ಗೆ ಯಾವ ಚಿಪ್ ಹಾಕಬೇಕು?

ಪ್ರಶ್ನೆ: ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಗಿಟಾರ್ ನುಡಿಸುತ್ತೇನೆ. ಹಳೆಯ ಸರ್ಕ್ಯೂಟ್ ಒಂದನ್ನು ಇಟ್ಟುಕೊಂಡು, ಗಿಟಾರ್ ಧ್ವನಿಗೆ ವಿಮಾನ ಹಾದುಹೋದಂಥ ಏರಿಳಿತ ಕೊಡುವ ಫ್ಲ್ಯಾಂಜರ್ ಪೆಡಲ್ ಕಟ್ಟುತ್ತಿದ್ದೇನೆ. ಅದರಲ್ಲಿ ಎಸ್‌ಎಡಿ1024 ಎಂಬ ಡಿಲೇ ಚಿಪ್ ಇದೆ. ಚಿಪ್‌ಗೆ ತಾಳ ಹಾಕುವ ಕ್ಲಾಕ್‌ಗೆ ಎಲ್‌ಎಂ311 ಮತ್ತು ಸಿಡಿ4013, ಸಪ್ಲೈ 15 ವೋಲ್ಟ್. ಈ ಚಿಪ್ ಎಲ್ಲೂ ಸಿಗುತ್ತಿಲ್ಲ. ಬೆಳಗಾವಿಯ ಅಂಗಡಿಯೊಂದರಲ್ಲಿ ಕೇಳಿದಾಗ "ಇದೂ ಡಿಲೇ ಐಸೀನೇ, ಇದನ್ನ ಹಾಕ್ರಿ" ಎಂದು ಪಿಟಿ2399 ಕೊಟ್ಟರು. ಆನ್‌ಲೈನಿನಲ್ಲಿ ಎಂಎನ್3007, ವಿ3207, ಬಿಎಲ್3207 ಎಂದೆಲ್ಲ ಕಾಣುತ್ತವೆ. ಯಾವುದು ಕೆಲಸ ಮಾಡುತ್ತದೆ? ಪಿನ್ ಹೊಂದಿಸಿಕೊಂಡರೆ ಸಾಕೇ?

ಉತ್ತರ: ವಿ3207 ಅಥವಾ ಬಿಎಲ್3207 ತರಿಸಿಕೊಳ್ಳಿ. ನಿಮ್ಮ ಸರ್ಕ್ಯೂಟ್‌ಗೆ ಇವತ್ತು ನಂಬಿಕೆಯಿಂದ ಹಾಕಬಹುದಾದದ್ದು ಅದೇ. ಆದರೆ ಪಿನ್ ಹೊಂದಿಸಿದರೆ ಸಾಕಾಗುವುದಿಲ್ಲ. ಡಿಲೇ ಚಿಪ್ ಒಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ. ಅದಕ್ಕೆ ಬಡಿಯುವ ಕ್ಲಾಕ್, ಅದು ತಾಳುವ ವೋಲ್ಟೇಜ್, ಅದು ಕೇಳುವ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಪಿನ್ನಿನ ಮೇಲೆ ಇರಬೇಕಾದ ಡಿಸಿ ವೋಲ್ಟೇಜ್) ಎಲ್ಲ ಸೇರಿಯೇ ಒಂದು ಡಿಲೇ. ಚಿಪ್ ಬದಲಿಸಿದಾಗ ಈ ಮೂರನ್ನೂ ಜೊತೆಯಲ್ಲೇ ಬದಲಿಸಬೇಕು. ಹಾಗೆ ಮಾಡದೆ ಚಿಪ್ ಮಾತ್ರ ಬದಲಿಸಿದ ಪೆಡಲ್‌ಗಳೇ ನನ್ನ ಮೇಜಿಗೆ ಜಾಸ್ತಿ ಬರುತ್ತವೆ.

ಮೊದಲು ಪಿಟಿ2399 ವಿಷಯ ಮುಗಿಸೋಣ. ಅಂಗಡಿಯವರು ನಿಮಗೆ ಮೋಸ ಮಾಡಿಲ್ಲ. ಅದು ನಿಜಕ್ಕೂ ಡಿಲೇ ಐಸಿಯೇ. ಕರೋಕೆ ಮೈಕು, ಎಕೋ ಆಂಪ್ಲಿಫೈಯರ್‌ಗಳಲ್ಲಿ ಅದೇ ಕೂತಿರುತ್ತದೆ, ಹಾಗಾಗಿ ಎಲ್ಲ ಕಡೆಯೂ ಸಿಗುತ್ತದೆ. ತೊಂದರೆ ಇರುವುದು ಅದರ ಅತಿ ಕಡಿಮೆ ಡಿಲೇಯಲ್ಲಿ. ಅದರ 6ನೇ ಪಿನ್ನಿಗೆ ಎಷ್ಟೇ ಸಣ್ಣ ರೆಸಿಸ್ಟರ್ ಕೊಟ್ಟರೂ ಡಿಲೇ 30 ಮಿಲಿಸೆಕೆಂಡಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಡೇಟಾಶೀಟಿನ ಪಟ್ಟಿಯಲ್ಲಿ 0.5 ಕಿಲೋ ಓಮ್‌ಗೆ 31.3 ಮಿಲಿಸೆಕೆಂಡ್ ಎಂದಿದೆ. ರೆಸಿಸ್ಟರ್ ಅಷ್ಟು ಸಣ್ಣದಾದರೆ ಸ್ವಿಚ್ ಹಾಕಿದಾಗ ಚಿಪ್ ಸಿಕ್ಕಿಹಾಕಿಕೊಂಡು ಸುಮ್ಮನಾಗುವ ಕಾಟ ಬೇರೆ. ಫ್ಲ್ಯಾಂಜರ್‌ಗೆ ಬೇಕಾದದ್ದು ಸುಮಾರು 1ರಿಂದ 10 ಮಿಲಿಸೆಕೆಂಡ್.

ಈ ಅಂತರ ಯಾಕೆ ಅಷ್ಟು ಮುಖ್ಯ ಅಂತ ಕೇಳಬಹುದು. ಫ್ಲ್ಯಾಂಜರ್ ಮಾಡುವುದು ಇಷ್ಟೇ: ಗಿಟಾರ್ ಸಿಗ್ನಲ್ಲಿಗೆ ಅದರದೇ ಸ್ವಲ್ಪ ತಡವಾದ ನಕಲನ್ನು ಕೂಡಿಸುತ್ತದೆ. ತಡ 1 ಮಿಲಿಸೆಕೆಂಡ್ ಇದ್ದರೆ 500 ಹರ್ಟ್ಸ್‌ನಲ್ಲಿ ಎರಡೂ ಎದುರುಬದುರಾಗಿ ಒಂದನ್ನೊಂದು ಅಳಿಸಿಬಿಡುತ್ತವೆ. ಆಮೇಲೆ 1500, 2500, ಹೀಗೆ ಸಾಲಾಗಿ ತಗ್ಗುಗಳು ಬೀಳುತ್ತವೆ. ತಡವನ್ನು 5 ಮಿಲಿಸೆಕೆಂಡ್ ಮಾಡಿದರೆ ಮೊದಲ ತಗ್ಗು 100 ಹರ್ಟ್ಸ್‌ಗೆ ಇಳಿಯುತ್ತದೆ, ತಗ್ಗುಗಳು ಒತ್ತೊತ್ತಾಗುತ್ತವೆ. ಈ ತಗ್ಗುಗಳ ಸಾಲು ಮೇಲೆ ಕೆಳಗೆ ಸರಿದಾಡುವುದನ್ನೇ ನಾವು ವಿಮಾನ ಹಾದುಹೋದಂಥ ಆ 'ಶ್ಯೂಂ' ಎಂದು ಕೇಳುತ್ತೇವೆ. 31 ಮಿಲಿಸೆಕೆಂಡಿಗೆ ಬಂದರೆ ತಗ್ಗುಗಳ ನಡುವೆ 32 ಹರ್ಟ್ಸ್ ಮಾತ್ರ ಉಳಿಯುತ್ತದೆ. ಅಷ್ಟು ಒತ್ತಾದ ಸಾಲು ಸರಿದಾಡುವುದು ಕಿವಿಗೆ ಗೊತ್ತಾಗುವುದಿಲ್ಲ. ಇಬ್ಬರು ಒಟ್ಟಿಗೆ ನುಡಿಸಿದಂತೆ ಕೇಳುತ್ತದೆ, ಅಷ್ಟೇ.

ಎರಡು ಪಿಟಿ2399 ಹಾಕಿ, ಒಂದರಲ್ಲಿ ಮೂಲ ಸಿಗ್ನಲ್ಲನ್ನೇ ತಡ ಮಾಡಿ, ಇನ್ನೊಂದನ್ನು ಅದರ ಸುತ್ತ ಓಡಾಡಿಸುವ ಉಪಾಯವೂ ಇದೆ. ಎರಡರ ವ್ಯತ್ಯಾಸ ಸೊನ್ನೆಯವರೆಗೂ ಹೋಗುವುದರಿಂದ ಧ್ವನಿ ಬಹಳ ಚೆನ್ನಾಗಿ ಬರುತ್ತದೆ. ಆದರೆ ನೀವು ತಂತಿ ಮೀಟಿದ 30 ಮಿಲಿಸೆಕೆಂಡ್ ಆದ ಮೇಲೆಯೇ ಶಬ್ದ ಹೊರಡುತ್ತದೆ. ಆಂಪ್ಲಿಫೈಯರ್ ಹತ್ತು ಮೀಟರ್ ದೂರದಲ್ಲಿಟ್ಟು ನುಡಿಸಿದ ಹಾಗೆ. ರೆಕಾರ್ಡ್ ಆದ ಹಾಡಿಗೆ ಹಾಕಬಹುದು. ಕೈಯಲ್ಲಿ ಗಿಟಾರ್ ಹಿಡಿದವರಿಗೆ ನಾನು ಹೇಳುವುದಿಲ್ಲ.

ಈಗ ನಿಮ್ಮ ಚಿಪ್‌ಗೆ ಬರೋಣ. ಎಸ್‌ಎಡಿ1024 ಮತ್ತು ನೀವು ಹೆಸರಿಸಿದ ಉಳಿದವು (ಪಿಟಿ2399 ಬಿಟ್ಟು) ಒಂದೇ ಜಾತಿ. ಬಕೆಟ್ ಬ್ರಿಗೇಡ್ ಎನ್ನುತ್ತಾರೆ. 1969ರಲ್ಲಿ ಫಿಲಿಪ್ಸ್ ಕಂಪನಿಯ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬಿಬ್ಬರು ರೂಪಿಸಿದ್ದು. ಸ್ಲ್ಯಾಬ್ ಹಾಕುವ ದಿನ ಸಾಲಾಗಿ ನಿಂತವರು ಕಾಂಕ್ರೀಟ್ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ, ಇಲ್ಲಿಯೂ ಹಾಗೆಯೇ. ಒಳಗೆ ಸಾಲಾಗಿ ಪುಟ್ಟ ಕೆಪಾಸಿಟರ್‌ಗಳಿವೆ. ಸಿಗ್ನಲ್ಲಿನ ಒಂದೊಂದು ತುಣುಕು ಒಂದು ಕೆಪಾಸಿಟರಿನಿಂದ ಮುಂದಿನದಕ್ಕೆ ದಾಟುತ್ತದೆ. ದಾಟು ಎಂದು ಹೇಳುವುದು ಕ್ಲಾಕ್. ಎಷ್ಟು ಹಂತಗಳಿವೆ, ಕ್ಲಾಕ್ ಎಷ್ಟು ವೇಗವಾಗಿದೆ ಎಂಬುದರ ಮೇಲೆ ತಡ ನಿಂತಿದೆ. ಲೆಕ್ಕ ಸುಲಭ: ಹಂತಗಳ ಸಂಖ್ಯೆಯನ್ನು ಕ್ಲಾಕ್ ಆವರ್ತನದ ಎರಡು ಪಟ್ಟಿನಿಂದ ಭಾಗಿಸಿ. 1024 ಹಂತ, 50 ಕಿಲೋಹರ್ಟ್ಸ್ ಕ್ಲಾಕ್ ಆದರೆ 10.24 ಮಿಲಿಸೆಕೆಂಡ್. ಅದೇ ಚಿಪ್‌ಗೆ 500 ಕಿಲೋಹರ್ಟ್ಸ್ ಕೊಟ್ಟರೆ 1 ಮಿಲಿಸೆಕೆಂಡಿನ ಚೂರು ಮೇಲೆ.

ಬದಲಿ ಚಿಪ್ ಹುಡುಕುವವರು ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೊರಡಬೇಕು. ಬಾಸ್ ಕಂಪನಿಯ ಎರಡು ಪೆಡಲ್ ನೋಡಿ. ಬಿಎಫ್-2 ಫ್ಲ್ಯಾಂಜರ್‌ನಲ್ಲಿ 1024 ಹಂತದ ಎಂಎನ್3207 ಇದೆ. ಹೈ ಬ್ಯಾಂಡ್ ಫ್ಲ್ಯಾಂಜರ್ ಎಂದು ಬಂದ ಎಚ್‌ಎಫ್-2ರಲ್ಲಿ 512 ಹಂತದ ಎಂಎನ್3204 ಹಾಕಿದರು. ಹಂತ ಅರ್ಧವಾಯಿತು, ತಡ ಅರ್ಧವಾಯಿತು, ತಗ್ಗುಗಳೆಲ್ಲ ಒಂದು ಸಪ್ತಕ ಮೇಲೆ ಹೋದವು. ಹಂತಗಳ ಸಂಖ್ಯೆ ಅಷ್ಟು ನೇರವಾಗಿ ಧ್ವನಿಯಲ್ಲಿ ಕೇಳಿಸುತ್ತದೆ.

ಎಸ್‌ಎಡಿ1024 ಅಮೆರಿಕದ ರೆಟಿಕಾನ್ ಕಂಪನಿಯದು. ಒಂದು ಚಿಪ್‌ನಲ್ಲಿ 512 ಹಂತದ ಎರಡು ಬೇರೆ ಬೇರೆ ಸಾಲುಗಳಿವೆ. ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ, ಸರ್ಕ್ಯೂಟಿನಲ್ಲಿ ಆ ಎರಡು ಸಾಲುಗಳನ್ನು ಹೇಗೆ ಬಳಸಿದ್ದಾರೆ ಎಂದು ನೋಡುವುದು. ಮೊದಲ ಸಾಲಿನ ಔಟ್‌ಪುಟ್ ಎರಡನೆಯದರ ಇನ್‌ಪುಟ್‌ಗೆ ಹೋಗಿದ್ದರೆ ಅದು 1024 ಹಂತ. ವಿ3207 ಕೂಡ 1024 ಹಂತ. ಕ್ಲಾಕ್‌ನ ಆವರ್ತನ ಮುಟ್ಟುವುದೇ ಬೇಡ, ತಡ ಅಷ್ಟೇ ಬರುತ್ತದೆ. ಒಂದೇ ಸಾಲನ್ನು ಬಳಸಿದ್ದರೆ ಅದು 512. ಎರಡಕ್ಕೂ ಒಂದೇ ಸಿಗ್ನಲ್ ಹೋಗಿ, ಕ್ಲಾಕ್‌ನ ಎರಡು ಫೇಸ್‌ಗಳು ಅದಲುಬದಲಾಗಿ, ಔಟ್‌ಪುಟ್‌ಗಳು ಕೂಡಿಕೊಂಡಿದ್ದರೂ ತಡದ ಲೆಕ್ಕಕ್ಕೆ ಅದು 512 ಮಾತ್ರ. ಆಗ ವಿ3207 ಹಾಕಿದರೆ ತಡ ಎರಡು ಪಟ್ಟಾಗುತ್ತದೆ. ಸರಿ ಮಾಡಲು ಕ್ಲಾಕ್ ವೇಗ ಎರಡು ಪಟ್ಟು ಮಾಡಬೇಕು. ಎಲ್‌ಎಂ311 ಆಸಿಲೇಟರಿನ ಟೈಮಿಂಗ್ ಕೆಪಾಸಿಟರನ್ನು ಅರ್ಧ ಮಾಡಿದರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತೀರಿ. ಸಿಡಿ4013 ಆಸಿಲೇಟರಿನ ಆವರ್ತನವನ್ನು ಎರಡರಿಂದ ಭಾಗಿಸುತ್ತದೆ ಎಂಬುದು ನೆನಪಿರಲಿ. ಲೆಕ್ಕ ಹಾಕುವಾಗ ಚಿಪ್‌ನ ಪಿನ್ನಿಗೆ ಬರುವ ಆವರ್ತನವನ್ನು ಹಿಡಿಯಬೇಕು, ಆಸಿಲೇಟರಿನದನ್ನಲ್ಲ.

ಇನ್ನು ಎಂಎನ್3007 ಯಾಕೆ ಬೇಡ? ಕೆಟ್ಟ ಚಿಪ್ ಅಂತಲ್ಲ. ಜಪಾನಿನ ಮತ್ಸುಶಿತಾ ಮಾಡಿದ ಒಳ್ಳೆಯ ಚಿಪ್ ಅದು. ಡೇಟಾಶೀಟ್ ಪ್ರಕಾರ ಸಿಗ್ನಲ್ ಮತ್ತು ಗದ್ದಲದ ಅಂತರ 80 ಡೆಸಿಬೆಲ್. 3207ರದು 73. 15 ವೋಲ್ಟನ್ನೂ ತಾಳುತ್ತದೆ, ನಿಮ್ಮ ಸಪ್ಲೈಗೆ ಹೊಂದುತ್ತದೆ. ಬಾಸ್ ಸಿಇ-2 ಕೋರಸ್‌ನಲ್ಲಿ (ಹಲವರು ಒಟ್ಟಿಗೆ ನುಡಿಸಿದಂತೆ ಕೇಳಿಸುವ ಪೆಡಲ್) ಇದೇ ಇತ್ತು. ಆದರೆ ಇದು ಪಿ-ಚಾನೆಲ್ ಚಿಪ್. ಎಸ್‌ಎಡಿ1024 ಮತ್ತು 3207 ಎನ್-ಚಾನೆಲ್. ಅಂದರೆ 3007ಕ್ಕೆ ಇಡೀ ಸಪ್ಲೈ ತಿರುಗಿಸಿ ಕೊಡಬೇಕು. ಡೇಟಾಶೀಟಿನಲ್ಲಿ 'ಗ್ರೌಂಡ್' ಎಂದು ಬರೆದಿರುವ 1ನೇ ಪಿನ್ ನಿಮ್ಮ ಬೋರ್ಡಿನಲ್ಲಿ ಪ್ಲಸ್‌ಗೆ ಹೋಗುತ್ತದೆ. 'ವಿಡಿಡಿ' ಎಂದಿರುವ 5ನೇ ಪಿನ್ ಗ್ರೌಂಡಿಗೆ ಹೋಗುತ್ತದೆ. 3207ರಲ್ಲಿ ಪಿನ್ನಿನ ಹೆಸರುಗಳೆಲ್ಲ ಅವೇ, ಅದೇ ಜಾಗದಲ್ಲೇ ಇವೆ. ಆದರೆ 1 ನಿಜವಾಗಿ ಗ್ರೌಂಡ್, 5 ನಿಜವಾಗಿ ಪ್ಲಸ್. ಹೆಸರು ಒಂದೇ ಇದೆ ಎಂದು 3007ರ ಜಾಗದಲ್ಲಿ 3207 ತುರುಕಿದರೆ ಉಲ್ಟಾ ವೋಲ್ಟೇಜ್ ಬಿದ್ದು ಚಿಪ್ ಹೋಗುತ್ತದೆ. ಒಂದೇ ಕುಟುಂಬದ ಎಂಎನ್3101 ಮತ್ತು ಎಂಎನ್3102 ಕ್ಲಾಕ್ ಡ್ರೈವರ್‌ಗಳಲ್ಲೂ ಇದೇ ಭೇದ. ಮೊದಲನೆಯದು 3007ರ ಜೋಡಿ, ಎರಡನೆಯದು 3207ರ ಜೋಡಿ. ಅಡ್ಡ ಜೋಡಿ ಮಾಡಬೇಡಿ. ಅವು ಕೊಡುವ ವಿಜಿಜಿ (ಡಿಲೇ ಚಿಪ್‌ನ 4ನೇ ಪಿನ್ನಿಗೆ ಬೇಕಾದ ಬಯಾಸ್) ವೋಲ್ಟೇಜ್ ಬೇರೆ ಬೇರೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಎಂಎನ್3007 ಎಂದು ಇವತ್ತು ಮಾರುವ ಚಿಪ್‌ಗಳಲ್ಲಿ ಯಾವುದು ಅಸಲಿ ಎಂದು ಚಿತ್ರ ನೋಡಿ ಹೇಳಲು ಬರುವುದಿಲ್ಲ. ಬೇರೆ ಅಗ್ಗದ ಚಿಪ್‌ನ ಮೇಲ್ಮೈ ಉಜ್ಜಿ, ಕಪ್ಪು ಬಳಿದು, ಹೊಸ ಹೆಸರು ಹೊಡೆಯುತ್ತಾರೆ. ಹತ್ತಿಗೆ ಅಸಿಟೋನ್ ಹಚ್ಚಿ ಮೇಲ್ಮೈ ಒರೆಸಿ ನೋಡಿ. ಅಕ್ಷರದ ಜೊತೆ ಕಪ್ಪು ಬಣ್ಣವೂ ಹತ್ತಿಗೆ ಬಂದು, ಕೆಳಗೆ ಉಜ್ಜಿದ ಗೀರು ಕಂಡರೆ ಆ ಚಿಪ್ ಪಕ್ಕಕ್ಕಿಡಿ. ಒರೆಸಿದಾಗ ಏನೂ ಆಗದಿದ್ದರೆ ಅಸಲಿ ಅಂತಲ್ಲ, ಪರೀಕ್ಷೆ ಮುಂದುವರಿಸಬೇಕು ಎಂದಷ್ಟೇ ಅರ್ಥ. 3007 ಎಂದು ಬರೆದ ಚಿಪ್ 3207ರ ವೈರಿಂಗಿನಲ್ಲಿ ಮಾತ್ರ ಹಾಡುತ್ತಿದ್ದರೆ, ಒಳಗಿರುವುದು ಏನು ಎಂದು ನಿಮಗೇ ತಿಳಿಯಿತಲ್ಲ. ಎಸ್‌ಎಡಿ1024 ಹೆಸರಿನಲ್ಲಿ ಸಿಗುವವುಗಳ ಬಗ್ಗೆ ನಾನು ಇನ್ನೂ ಹುಷಾರಾಗಿರುತ್ತೇನೆ. ದಶಕಗಳ ಹಿಂದೆ ತಯಾರಿ ನಿಂತ ಚಿಪ್ ಮೇಲೆ ಹೊಚ್ಚ ಹೊಸ ಲೇಸರ್ ಬರಹ ಇದ್ದರೆ ಸಂಶಯ ಪಡಲೇಬೇಕು, ಅಲ್ವಾ? ಓದುತ್ತಿರುವ ಹುಡುಗರ ಹಣ ಇಂಥದ್ದಕ್ಕೆ ಹೋಗುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿ3207 ಹಾಗಲ್ಲ. ಕೂಲ್‌ಆಡಿಯೋ ಕಂಪನಿ ತನ್ನ ಹೆಸರಿನಲ್ಲೇ ಎಂಎನ್3207ರ ನಕಲನ್ನು ಮಾಡಿ ಮಾರುತ್ತದೆ. ಬಿಎಲ್3207 ಶಾಂಘೈನ ಬೆಲ್ಲಿಂಗ್ ಕಂಪನಿಯದು. ಮುಚ್ಚುಮರೆ ಇಲ್ಲದ ನಕಲು. ಬೇರೆ ಹೆಸರು ಬರೆದು ಮಾರಿದರೆ ಲಾಭ ಜಾಸ್ತಿ ಬರುವಂಥ ಚಿಪ್ ಅಲ್ಲ, ಹಾಗಾಗಿ ಕಲಬೆರಕೆಯ ಭಯವೂ ಕಡಿಮೆ.

ಹಳೆಯ ಸಾಮಾನಿನಿಂದ ಕಿತ್ತುಕೊಳ್ಳುವ ದಾರಿಯೂ ಇದೆ. ನೀವು ಇರುವುದು ಬಾಗಲಕೋಟೆ. ಬನಶಂಕರಿ ಜಾತ್ರೆಗೆ ಟೆಂಟ್ ಹಾಕುವ ನಾಟಕ ಕಂಪನಿಗಳಿಗೆ, ರಸಮಂಜರಿ ತಂಡಗಳಿಗೆ ಸೌಂಡ್ ಕೊಡುವವರ ಹತ್ತಿರ ಕೆಟ್ಟು ಮೂಲೆ ಸೇರಿದ ಎಕೋ ಮಿಕ್ಸರ್ ಇರುತ್ತವೆ. ಕೇಳಿ ನೋಡಿ, ಕೊಡುತ್ತಾರೆ. ಇತ್ತೀಚಿನವುಗಳಲ್ಲಿ 16 ಪಿನ್ನಿನ ಪಿಟಿ2399 ಇರುತ್ತದೆ, ಅದು ನಿಮಗೆ ಉಪಯೋಗವಿಲ್ಲ. ಹಳೆಯ ಪೆಟ್ಟಿಗೆಯಲ್ಲಿ 8 ಪಿನ್ನಿನ ಎರಡು ಚಿಪ್ ಅಕ್ಕಪಕ್ಕ ಇದ್ದರೆ ಹೆಸರು ಓದಿ. 3207 ಮತ್ತು 3102 ಆಗಿದ್ದರೆ ಅದೃಷ್ಟ. 3208 ಆಗಿದ್ದರೆ ಅದು 2048 ಹಂತ. ಫ್ಲ್ಯಾಂಜರ್‌ಗೆ ಅದನ್ನು ಬಹಳ ವೇಗವಾಗಿ ಓಡಿಸಬೇಕಾಗುತ್ತದೆ, ಬೇಡ. ಎತ್ತಿಟ್ಟುಕೊಳ್ಳಿ, ಮುಂದೆ ಕೋರಸ್ ಮಾಡಬಹುದು.

ಈಗ ನಿಜವಾದ ಕೆಲಸ. ನಿಮ್ಮ ಬೋರ್ಡಿನಲ್ಲಿ ಏನೇನು ಬದಲಾಗಬೇಕು?

ಮೊದಲನೆಯದು ವೋಲ್ಟೇಜ್. 3207 ಕೆಲಸ ಮಾಡುವುದು 4ರಿಂದ 10 ವೋಲ್ಟ್ ಒಳಗೆ. 15 ವೋಲ್ಟ್ ಕೊಟ್ಟರೆ ಉಳಿಯುವುದಿಲ್ಲ. 15ರಿಂದ ಒಂದು 78ಎಲ್09 ರೆಗ್ಯುಲೇಟರ್ ಹಾಕಿ 9 ವೋಲ್ಟ್ ಮಾಡಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ. ಡಿಲೇ ಚಿಪ್ ಮಾತ್ರ 9 ವೋಲ್ಟಿಗೆ ತಂದು, ಕ್ಲಾಕ್ ಭಾಗವನ್ನು 15ರಲ್ಲೇ ಬಿಡಬಾರದು. ಕ್ಲಾಕ್‌ನ ಅಲೆ ಚಿಪ್‌ನ ಸಪ್ಲೈಗಿಂತ ಮೇಲೆ ಹೋದರೆ ಅದೂ ಚಿಪ್ ಕೊಲ್ಲುತ್ತದೆ. ಎಲ್‌ಎಂ311, 4013, ಅದರ ಮುಂದಿನದೆಲ್ಲ ಅದೇ 9 ವೋಲ್ಟಿನಿಂದಲೇ ನಡೆಯಲಿ. ಎಲ್‌ಎಂ311ರ ಸುತ್ತಲಿನ ವೋಲ್ಟೇಜ್ ಬದಲಾದಾಗ ಆವರ್ತನ ಸ್ವಲ್ಪ ಸರಿಯಬಹುದು, ಪ್ರಿಸೆಟ್‌ನಲ್ಲಿ (ಬೋರ್ಡಿನ ಮೇಲೆ ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಸರಿಪಡಿಸಬಹುದು. ಆಪ್-ಆಂಪ್‌ಗಳು 15ರಲ್ಲೇ ಇರಬಹುದು. ಇಡೀ ಪೆಡಲನ್ನೇ 9 ವೋಲ್ಟಿಗೆ ಮಾಡುತ್ತೇನೆ ಎಂದರೆ ಅಡಾಪ್ಟರ್ ಮೊದಲು ಅಳೆಯಿರಿ. 9 ವೋಲ್ಟ್ ಎಂದು ಬರೆದ ಅಗ್ಗದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳು ಲೋಡ್ ಇಲ್ಲದಾಗ 12, 13 ವೋಲ್ಟ್ ಕೊಡುವುದುಂಟು. 3207ಕ್ಕೆ ಅಷ್ಟು ಸಾಕು ಸಾಯಲು.

ಎರಡನೆಯದು ಕ್ಲಾಕ್‌ನ ತಾಕತ್ತು. ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್‌ಎಡಿ1024 ಬಹಳ ವೇಗದ ಚಿಪ್. ಡೇಟಾಶೀಟಿನಲ್ಲೇ ಕ್ಲಾಕ್ 1.5 ಮೆಗಾಹರ್ಟ್ಸ್ ದಾಟಬಹುದು ಎಂದಿದೆ. ಅದರ ಕ್ಲಾಕ್ ಪಿನ್ನುಗಳ ಹೊರೆಯೂ ಹಗುರ, 4013 ನೇರವಾಗಿ ಓಡಿಸುತ್ತದೆ. ಎಂಎನ್3207ಕ್ಕೆ ಡೇಟಾಶೀಟ್ ಹೇಳುವ ಮಿತಿ 10ರಿಂದ 200 ಕಿಲೋಹರ್ಟ್ಸ್. 200ರಲ್ಲಿ ತಡ 2.56 ಮಿಲಿಸೆಕೆಂಡ್. ಅಂದರೆ ಮೊದಲ ತಗ್ಗು 195 ಹರ್ಟ್ಸ್‌ಗಿಂತ ಮೇಲೆ ಏರುವುದಿಲ್ಲ. ಕೇಳಲು ಕೋರಸ್ ಕಡೆಗೆ ವಾಲಿದ, ಮಂದವಾದ ಫ್ಲ್ಯಾಂಜರ್ ಆಗುತ್ತದೆ. ಆ ಮೇಲಿನ 'ಶ್ಯೂಂ' ಬರಬೇಕೆಂದರೆ 500 ಕಿಲೋಹರ್ಟ್ಸ್ ಸುತ್ತ ಹೋಗಲೇಬೇಕು.

ಮಿತಿ ಮೀರಿ ಓಡಿಸಬಹುದೇ? ಓಡಿಸಬಹುದು. ಪೆಡಲ್ ಕಟ್ಟುವವರು ಹಾಗೆ ಓಡಿಸುತ್ತಲೇ ಬಂದಿದ್ದಾರೆ. ಆದರೆ ಕ್ಲಾಕ್ ಪಿನ್ನಿನ ಕೆಪಾಸಿಟಿಗೆ ಅಷ್ಟು ಬೇಗ ತುಂಬಿ ಖಾಲಿಯಾಗುವಷ್ಟು ಕರೆಂಟ್ ಸಿಗಬೇಕು. 1024 ಹಂತದ ಎಂಎನ್3007ರಲ್ಲಿ ಒಂದೊಂದು ಕ್ಲಾಕ್ ಪಿನ್ನಿನ ಹಿಂದೆ ಸುಮಾರು 700 ಪಿಕೋಫ್ಯಾರಡ್ ಇದೆ. 3207 ಕೂಡ ಇದೇ ಭಾರದ ಜಾತಿ. 700 ಪಿಕೋಫ್ಯಾರಡನ್ನು 0.1 ಮೈಕ್ರೋಸೆಕೆಂಡಿನಲ್ಲಿ 9 ವೋಲ್ಟ್ ಏರಿಸಲು 63 ಮಿಲಿಆಂಪ್ ಬೇಕು. 4013 ಕೊಡುವುದು ಕೆಲವೇ ಮಿಲಿಆಂಪ್. 500 ಕಿಲೋಹರ್ಟ್ಸ್‌ನಲ್ಲಿ ಅರ್ಧ ಆವೃತ್ತಿಗೆ ಸಿಗುವ ಸಮಯ 1 ಮೈಕ್ರೋಸೆಕೆಂಡ್ ಮಾತ್ರ. ಅಷ್ಟರಲ್ಲಿ ಅಲೆ ಮೇಲೆ ಮುಟ್ಟುವ ಮೊದಲೇ ಕೆಳಗಿಳಿಯುತ್ತದೆ. ಚಿಪ್‌ನಲ್ಲಿ ಸಿಗ್ನಲ್ ಅರ್ಧಂಬರ್ಧ ದಾಟುತ್ತದೆ. ಶಬ್ದ ಸಣ್ಣಗಾಗಿ, ಒಡೆದು, ಕೊನೆಗೆ ನಿಂತುಹೋಗುತ್ತದೆ. "ಚಿಪ್ ಡೂಪ್ಲಿಕೇಟ್ ಇದೆ" ಎಂದು ಎಸೆಯುವವರಲ್ಲಿ ಎಷ್ಟೋ ಜನರ ಚಿಪ್ ಚೆನ್ನಾಗಿಯೇ ಇರುತ್ತದೆ. ಕ್ಲಾಕ್ ಸೊರಗಿರುತ್ತದೆ.

ಇದಕ್ಕೆ ಮದ್ದು ಸಿಡಿ4049. ಇದು ಮೂಲೆ ಅಂಗಡಿಯಲ್ಲೂ ಸಿಗುತ್ತದೆ. ಒಳಗೆ ಆರು ಇನ್ವರ್ಟರ್‌ಗಳಿವೆ. ಮೂರನ್ನು ಇನ್‌ಪುಟ್‌ಗೆ ಇನ್‌ಪುಟ್, ಔಟ್‌ಪುಟ್‌ಗೆ ಔಟ್‌ಪುಟ್ ಸೇರಿಸಿ ಒಂದು ಗುಂಪು ಮಾಡಿ. ಉಳಿದ ಮೂರರದು ಇನ್ನೊಂದು ಗುಂಪು. 4013ರ ಎರಡು ಔಟ್‌ಪುಟ್‌ಗಳು ಒಂದೊಂದು ಗುಂಪಿಗೆ ಹೋಗಲಿ. ಗುಂಪುಗಳ ಔಟ್‌ಪುಟ್ 3207ರ 2 ಮತ್ತು 6ನೇ ಪಿನ್ನಿಗೆ. ಎರಡೂ ತಲೆಕೆಳಗಾಗುವುದರಿಂದ ಪರಸ್ಪರ ವಿರುದ್ಧವಾಗಿಯೇ ಉಳಿಯುತ್ತವೆ, ತೊಂದರೆ ಇಲ್ಲ. 4049ರ ಸಪ್ಲೈ ಪಿನ್ ಮಾತ್ರ ಬೇರೆ ಸಿಮಾಸ್ ಚಿಪ್‌ಗಳಂತೆ 16 ಅಲ್ಲ, 1. ಗ್ರೌಂಡ್ 8. 16ನೇ ಪಿನ್ ಖಾಲಿ. ಚಿಪ್‌ನ ಮೈಗೇ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿ. 4049ರಿಂದ 3207ಕ್ಕೆ ವೈರ್ ಎಳೆಯಬೇಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಗಿಡ್ಡ ಟ್ರ್ಯಾಕ್‌ನಲ್ಲೇ ಮುಗಿಸಿ. ಕ್ಲಾಕ್ ವೈರ್ ಗಿಟಾರ್ ಇನ್‌ಪುಟ್ ಪಕ್ಕ ಹಾದರೆ ಕೀರಲು ಶಬ್ದ ಬಂದೇ ಬರುತ್ತದೆ.

ಇಷ್ಟೆಲ್ಲ ಬೇಡ, ಸರಳವಾಗಿ ಇರಲಿ ಎಂದರೆ ಎಲ್‌ಎಂ311, 4013 ಎರಡನ್ನೂ ತೆಗೆದು ವಿ3102 ಹಾಕಬಹುದು. ಅದು 3207ರ ಹುಟ್ಟು ಜೋಡಿ, ಪರಸ್ಪರ ವಿರುದ್ಧವಾದ ಎರಡು ಕ್ಲಾಕ್ ಮತ್ತು ವಿಜಿಜಿ ಎಲ್ಲವನ್ನೂ ಕೊಡುತ್ತದೆ. ಆದರೆ ಆಗ ತಡಕ್ಕೆ ವಿಶಾಲ ಓಡಾಟ ಸಿಗುವುದಿಲ್ಲ. ನಿಮ್ಮ ಸರ್ಕ್ಯೂಟಿನ ಎಲ್‌ಎಂ311 ಆಸಿಲೇಟರ್ ಆಗಲೇ ಚೆನ್ನಾಗಿದೆ. ನಾನಾಗಿದ್ದರೆ ಅದನ್ನು ಉಳಿಸಿಕೊಂಡು 4049 ಸೇರಿಸುತ್ತೇನೆ.

ಮೂರನೆಯದು ವಿಜಿಜಿ. 3207ರ 4ನೇ ಪಿನ್ನಿಗೆ ಸಪ್ಲೈಯ ಹದಿನೈದರಲ್ಲಿ ಹದಿನಾಲ್ಕು ಪಾಲು ವೋಲ್ಟೇಜ್ ಬೇಕು. 9 ವೋಲ್ಟಿಗೆ 8.4. ವಿ3102 ಇಲ್ಲದಿದ್ದರೆ ಎರಡು ರೆಸಿಸ್ಟರ್ ಸಾಕು: 9 ವೋಲ್ಟಿನಿಂದ 4ನೇ ಪಿನ್ನಿಗೆ 6.8 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 100 ಕಿಲೋ ಓಮ್, ಅದಕ್ಕೆ ಸಮಾಂತರವಾಗಿ 1 ಮೈಕ್ರೋಫ್ಯಾರಡ್.

ಇನ್ನು ಸಿಗ್ನಲ್ ಮಟ್ಟ. 15 ವೋಲ್ಟಿನ ಚಿಪ್ ತಾಳಿದಷ್ಟು ಸಿಗ್ನಲ್ಲನ್ನು 9 ವೋಲ್ಟಿನದು ತಾಳುವುದಿಲ್ಲ. ಹಂಬಕರ್ ಪಿಕಪ್ ಇರುವ ಗಿಟಾರ್‌ನಲ್ಲಿ ಜೋರಾಗಿ ಸ್ಟ್ರಮ್ ಮಾಡಿದರೆ ತುದಿ 1 ವೋಲ್ಟ್ ದಾಟಬಹುದು. ಚಿಪ್‌ಗೆ ಮುಂಚಿನ ಆಪ್-ಆಂಪ್‌ನಲ್ಲಿ ಗೇನ್ ಇದ್ದರೆ ಕಡಿಮೆ ಮಾಡಿ. ಚಿಪ್ ಆದ ಮೇಲಿನ ಹಂತದಲ್ಲಿ ಅಷ್ಟೇ ಏರಿಸಿ. ಫಿಲ್ಟರ್‌ಗಳನ್ನು ಹಾಗೆಯೇ ಬಿಡಿ, ಕ್ಲಾಕ್‌ನ ವ್ಯಾಪ್ತಿ ಕೆಳಗಿಳಿದಿಲ್ಲವಲ್ಲ. 512 ಹಂತದಿಂದ 1024ಕ್ಕೆ ಬಂದವರಿಗೆ ಇಲ್ಲೊಂದು ಲಾಭವೂ ಇದೆ. 10 ಮಿಲಿಸೆಕೆಂಡ್ ತಡಕ್ಕೆ 512 ಹಂತದ ಚಿಪ್‌ಗೆ ಸುಮಾರು 25 ಕಿಲೋಹರ್ಟ್ಸ್ ಕ್ಲಾಕ್ ಸಾಕು, ಅದು ಕೇಳಿಸುವ ಶಬ್ದದ ಅಂಚಿಗೇ ಬಂದು ಕೂರುತ್ತದೆ. 1024ರಲ್ಲಿ ಅದು 51. ಫಿಲ್ಟರ್‌ಗೆ ಕೆಲಸ ಹಗುರವಾಗುತ್ತದೆ.

ಚಿಪ್ ಕೂರಿಸುವ ಮುಂಚೆ ಒಂದು ಮಾತು. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಬಹಳ ಒಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚುರ್ ಎನ್ನುತ್ತದೆ. ಈ ಚಿಪ್‌ಗಳಿಗೆ ಅಷ್ಟು ಸ್ಟ್ಯಾಟಿಕ್ ಸಾಕು ಹೋಗಲು. ಚಿಪ್ ಅನ್ನು ಫಾಯಿಲ್‌ನಲ್ಲೇ ಇಟ್ಟಿರಿ. ಅರ್ಥಿಂಗ್ ಇರುವ ಲೋಹ ಮುಟ್ಟಿ ಆಮೇಲೆ ಹಿಡಿಯಿರಿ. ಐಸಿ ಬೇಸ್ ಹಾಕಿ, ಚಿಪ್‌ಗೆ ನೇರವಾಗಿ ಸೋಲ್ಡರ್ ಮಾಡಬೇಡಿ.

ಡಿಲೇ ಚಿಪ್ ಹಾಕುವ ಮೊದಲು ಖಾಲಿ ಬೇಸ್‌ನಲ್ಲಿ ಮಲ್ಟಿಮೀಟರ್‌ನಿಂದ ಅಳೆಯಿರಿ. 5ನೇ ಪಿನ್ನಿನಲ್ಲಿ 9 ವೋಲ್ಟ್, 4ರಲ್ಲಿ 8.4, 1ರಲ್ಲಿ ಸೊನ್ನೆ. 2 ಮತ್ತು 6ರಲ್ಲಿ ಡಿಸಿ ರೇಂಜಿನಲ್ಲಿ 4.5 ವೋಲ್ಟ್ ಹತ್ತಿರ ತೋರಿಸಬೇಕು. ಕ್ಲಾಕ್ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರುವುದರಿಂದ ಮೀಟರ್‌ಗೆ ಸರಾಸರಿ ಕಾಣುತ್ತದೆ. ಅಲ್ಲಿ 0 ಅಥವಾ 9 ಕಂಡರೆ ಕ್ಲಾಕ್ ನಿಂತಿದೆ, ಚಿಪ್ ಹಾಕಿ ಪ್ರಯೋಜನವಿಲ್ಲ. ಮೀಟರಿನಲ್ಲಿ ಹರ್ಟ್ಸ್ ರೇಂಜ್ ಇದ್ದರೆ ಆವರ್ತನವನ್ನೂ ನೋಡಿಕೊಳ್ಳಿ.

ಚಿಪ್ ಹಾಕಿದ ಮೇಲೆ ಪ್ರಿಸೆಟ್‌ಗಳನ್ನು ತಿರುಗಿಸುವ ಕ್ರಮವೂ ಮುಖ್ಯ. ಫೀಡ್‌ಬ್ಯಾಕ್ (ತಡವಾದ ಸಿಗ್ನಲ್ಲನ್ನು ಮತ್ತೆ ಒಳಗೆ ಬಿಡುವುದು) ಪೂರ್ತಿ ಕಡಿಮೆ ಮಾಡಿ, ಸ್ವೀಪ್ (ತಡ ತಾನಾಗಿ ಏರಿಳಿಯುವುದು) ನಿಲ್ಲಿಸಿ, ಕ್ಲಾಕನ್ನು ಮಧ್ಯದ ವೇಗದಲ್ಲಿಡಿ. ಮೊಬೈಲ್‌ನ ಟೋನ್ ಜನರೇಟರ್ ಆಪ್‌ನಿಂದ 400 ಹರ್ಟ್ಸ್ ಕೊಟ್ಟು, ತಡವಾದ ಸಿಗ್ನಲ್ ಮಾತ್ರ ಕೇಳುವಂತೆ ಮಾಡಿಕೊಳ್ಳಿ. ಇನ್‌ಪುಟ್‌ನ ಬಯಾಸ್ ಪ್ರಿಸೆಟ್ ತಿರುಗಿಸುತ್ತ ಹೋದರೆ ಒಂದು ಕಡೆ ಶಬ್ದ ಒಡೆಯುತ್ತದೆ, ಮಧ್ಯದಲ್ಲಿ ಸ್ವಚ್ಛವಾಗುತ್ತದೆ, ಇನ್ನೊಂದು ಕಡೆ ಮತ್ತೆ ಒಡೆಯುತ್ತದೆ. ಟೋನ್ ಜೋರು ಮಾಡುತ್ತ ಹೋಗಿ, ಎರಡೂ ಕಡೆ ಒಡೆಯುವ ಜಾಗಗಳ ನಡುವೆ ನಿಲ್ಲಿಸಿ. ಸರ್ಕ್ಯೂಟಿನಲ್ಲಿ ಎಸ್‌ಎಡಿ1024ಕ್ಕೆ ಎಂದು ಬರೆದಿರುವ ಬಯಾಸ್ ವೋಲ್ಟೇಜ್ ಇಲ್ಲಿ ನಡೆಯುವುದಿಲ್ಲ. ಒಂದೇ ಪ್ಯಾಕೆಟ್ಟಿನ ಎರಡು 3207ಗಳಿಗೂ ಬೇರೆ ಬೇರೆ ಬಯಾಸ್ ಬೇಕಾಗಬಹುದು.

ಆಮೇಲೆ 7 ಮತ್ತು 8ನೇ ಪಿನ್ನಿನ ಔಟ್‌ಪುಟ್‌ಗಳನ್ನು ಕೂಡಿಸುವ ಪ್ರಿಸೆಟ್. 10 ಕಿಲೋ ಓಮ್ ಪ್ರಿಸೆಟ್‌ನ ಎರಡು ತುದಿಗೆ ಎರಡು ಔಟ್‌ಪುಟ್, ನಡುವಿನಿಂದ ಫಿಲ್ಟರ್‌ಗೆ, ನಡುವಿನಿಂದಲೇ ಗ್ರೌಂಡಿಗೆ 47ರಿಂದ 100 ಕಿಲೋ ಓಮ್. ಟೋನ್ ನಿಲ್ಲಿಸಿ, ಕ್ಲಾಕನ್ನು ಅತಿ ನಿಧಾನಕ್ಕೆ ತಂದು, ಕೀರಲು ಶಬ್ದ ಅತಿ ಕಡಿಮೆಯಾಗುವಲ್ಲಿ ಬಿಡಿ. ಸ್ವೀಪ್ ಶುರು ಮಾಡಿದಾಗ ಟಿಕ್ ಟಿಕ್ ಎಂದು ತಾಳ ಕೇಳಿಸಿದರೆ ಅದು ಡಿಲೇ ಚಿಪ್‌ನ ತಪ್ಪಲ್ಲ. ಸ್ವೀಪ್ ನಡೆಸುವ ನಿಧಾನದ ಆಸಿಲೇಟರ್, ಅಂದರೆ ಎಲ್‌ಎಫ್‌ಒ ಭಾಗ ಸಪ್ಲೈ ಲೈನನ್ನು ಎಳೆಯುತ್ತಿದೆ. ಅದಕ್ಕೆ 100 ಓಮ್ ಮತ್ತು 100 ಮೈಕ್ರೋಫ್ಯಾರಡ್‌ನ ಪ್ರತ್ಯೇಕ ಸಪ್ಲೈ ಮಾಡಿಕೊಡಿ.

ಫೀಡ್‌ಬ್ಯಾಕ್ ಪ್ರಿಸೆಟ್ ಕೊನೆಗೆ. ಮಿತಿ ಮೀರಿದ ವೇಗದಲ್ಲಿ 3207ರ ಔಟ್‌ಪುಟ್ ಮಟ್ಟ ಇಳಿಯುತ್ತದೆ, ನಿಧಾನದಲ್ಲಿ ಏರುತ್ತದೆ. ಹಾಗಾಗಿ ಫೀಡ್‌ಬ್ಯಾಕ್ ನಾಬ್ ಪೂರ್ತಿ ತಿರುಗಿಸಿ, ಸ್ವೀಪ್ ಮೇಲಿನಿಂದ ಕೆಳಗಿನವರೆಗೆ ಒಂದು ಸುತ್ತು ನಿಧಾನವಾಗಿ ಓಡಲಿ. ಎಲ್ಲಿಯೂ ಕೂಗದಂತೆ, ಕೂಗುವುದಕ್ಕೆ ಒಂದು ಕೂದಲೆಳೆ ಮುಂಚೆ ಪ್ರಿಸೆಟ್ ನಿಲ್ಲಿಸಿ. ಗಿಟಾರ್ ಹಚ್ಚಿ ಒಂದು ತೆರೆದ ಇ ಕಾರ್ಡ್ ಹಿಡಿದು, ತಗ್ಗುಗಳು ಸ್ವರದ ಮೇಲೆ ಹಾದುಹೋಗುವುದು ಕೇಳುತ್ತದೆಯೇ ನೋಡಿ. ಮೇಲಿನ ತುದಿಯಲ್ಲಿ ಮಾತ್ರ ಧ್ವನಿ ತೆಳ್ಳಗಾದರೆ ಎಲ್‌ಎಂ311ರ ಕೆಪಾಸಿಟರ್ ಚೂರು ಜಾಸ್ತಿ ಮಾಡಿ, ಕ್ಲಾಕ್‌ನ ಮೇಲಿನ ಮಿತಿಯನ್ನು 400 ಕಿಲೋಹರ್ಟ್ಸ್ ಹತ್ತಿರ ಇಳಿಸಿ.